ಹತ್ತಿರದಿಂದ ಕಾಣದ ಮುಖ

ಮದುವೆಯ ಗುಂಪು ಫೋಟೋದಲ್ಲಿ ಆ ಮುಖ ಹೆಬ್ಬೆರಳಿನ ಉಗುರಿನಷ್ಟಿತ್ತು. ತೀರಿಕೊಂಡ ಗಂಡನ ಬೇರೆ ಫೋಟೋ ಇಲ್ಲವೆಂದು ಯಾವಗಲ್ ಊರಿನ ಖಾಸಿಂಬಿ ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡಿಕೊಡಲು ಕೇಳಿದರು. ರೋಣದ ನಮ್ಮ ಅಂಗಡಿಗೆ ನಾನೇ ಆರಿಸಿ ತಂದ ಫ್ಲೆಕ್ಸ್ ಯಂತ್ರ ರಸ್ತೆಬದಿಯ ಬೋರ್ಡುಗಳಿಗೆ ತಕ್ಕದ್ದು, ಅದರ ಚಿತ್ರ ದೂರದಿಂದಷ್ಟೇ ಚೆಂದ. ಅದನ್ನು ಹೇಳದೆ ಮುದ್ರಿಸಿದೆ.

ಮುಖ ಸವರಲು ಖಾಸಿಂಬಿ ಹತ್ತಿರ ಬಂದರು. ಕಣ್ಣು, ಮೂಗು ಬರೀ ಚುಕ್ಕಿಗಳಾದವು.

“ಸನೇಕ ಬಂದ್ರ ಇವ್ರು ಕಾಣವಲ್ರಲ್ಲವಾ.”

“ರಸ್ತೆದಾಚಿ ನಿಂತು ನೋಡ್ರಿ ಅಮ್ಮಾರ,” ಎಂದೆ.

“ಇದ್ದಾಗ ಮಂದಿ ತುಂಬಿದ ಮನ್ಯಾಗ ದೂರದಿಂದನ ನೋಡೀನವಾ. ಈಗರ ಸನೇಕ ಕುಂತು ನೋಡಬೇಕಂದಿದ್ದೆ.”

ಫ್ಲೆಕ್ಸ್ ಸುತ್ತಿಕೊಂಡು ಅವರು ಹೊರಟುಹೋದರು. ಸಂಜೆಯವರೆಗೆ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಯಂತ್ರ ಚಾಲು ಮಾಡಲು ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ, ಕಂಪ್ಯೂಟರಿನಲ್ಲಿ ಉಳಿದಿದ್ದ ಆ ಮುಖವನ್ನು ಅಂಗೈಯಷ್ಟೇ ಹಿಗ್ಗಿಸಿ, ಫೋಟೋ ಸ್ಟುಡಿಯೋ ಒಂದರಲ್ಲಿ ನುಣುಪು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಯಾವಗಲ್ ಬಸ್ ಹತ್ತಿದೆ.