ನೀಲವ್ವನ ಕೈ ತಪ್ಪಿದ ದಿನ

ಮೊನ್ನೆ ಅಫಜಲಪುರದ ಸಂತೆಯಲ್ಲಿ ಮುದುಕನೊಬ್ಬ ಪುಂಡಿ ನಾರಿನ ಹಗ್ಗದ ಸುರುಳಿಗಳನ್ನು ಮುಂದಿಟ್ಟುಕೊಂಡು ಕೂತಿದ್ದ. ಈಗೆಲ್ಲ ನೈಲಾನ್ ಹಗ್ಗವೇ. ಹಸಿರು, ನೀಲಿ, ಬಿಗಿಯಾಗಿ ಎಳೆದರೆ ಅಂಗೈ ಕೊಯ್ಯುವಂಥದು. ಮುದುಕ ಹಗ್ಗ ಬಿಸಿಲಿಗೆ ಬಿರುಸಾಗಬಾರದೆಂದು ತಂಬಿಗೆಯಿಂದ ನೀರು ಚಿಮುಕಿಸಿದ. ಒದ್ದೆ ನಾರಿನ ವಾಸನೆ ಎದ್ದಿತು. ನಾರು ಕೊಳೆಹಾಕುವ ಹೊಂಡದ ಕೆಸರು, ಒಣಹುಲ್ಲು, ಬಿಸಿಲು ಎಲ್ಲ ಕೂಡಿದ ವಾಸನೆ ಅದು. ಬದನೆಕಾಯಿ ಕೊಳ್ಳಲು ಹೋಗಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಕೊನೆಗೆ ಎಂಟು ಮಾರು ಹಗ್ಗ ಕೊಂಡು ಚೀಲದಲ್ಲಿ ಹಾಕಿಕೊಂಡೆ. ನಮ್ಮ ಮನೆಯಲ್ಲಿ ಹಗ್ಗದಿಂದ ಕಟ್ಟುವಂಥದು ಏನೂ ಇಲ್ಲ. ನಿಮ್ಮ ಮನೆಯಲ್ಲೂ ಹೀಗೆ ಕೆಲಸಕ್ಕೆ ಬಾರದ, ಬಿಸಾಡಲೂ ಆಗದ ಒಂದು ವಸ್ತು ಇದ್ದರೆ ನನ್ನ ಪಾಡು ನಿಮಗೆ ಅರ್ಥವಾದೀತು.

ನಾನು ಒಂಬತ್ತು ವರ್ಷದವಳಾಗುವವರೆಗೆ ಬೆಳೆದದ್ದು ಮಾದನಹಿಪ್ಪರಗಾದಲ್ಲಿ, ನನ್ನ ತಂದೆಯ ಅಣ್ಣನ ಹೆಂಡತಿ ನೀಲವ್ವ ದೊಡ್ಡವ್ವನ ಮಗ್ಗುಲಲ್ಲಿ. ಅವ್ವ ಮಾಸ್ತರಿಕೆಯ ಟ್ರೇನಿಂಗ್ ಎಂದು ಕಲಬುರಗಿಯಲ್ಲಿದ್ದಳು, ಅಪ್ಪ ಅಲ್ಲಿಗೂ ಇಲ್ಲಿಗೂ ತಿರುಗುತ್ತಿದ್ದ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಹಾಗೆಂದು ಅವಳು ಕಣ್ಣೀರು ಹಾಕಿದ್ದನ್ನು ನಾನಂತೂ ಕಂಡಿಲ್ಲ, ನಾನಿದ್ದೆನಲ್ಲ. ಕಲ್ಲು ಹಾಸಿದ ಆ ಮನೆಯ ಪಡಸಾಲೆಯಲ್ಲಿ ಜೋಳದ ಚೀಲಗಳ ತಂಪು, ದನಗಳ ಬಿಸಿ ಉಸಿರು, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಬಾಗಿಲ ಪಕ್ಕದ ಗೂಟದಲ್ಲಿ ಪುಂಡಿ ಹಗ್ಗ ತೂಗುತ್ತಿತ್ತು. ಅದನ್ನು ದೊಡ್ಡವ್ವನನ್ನು ಬಿಟ್ಟು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಏಕೆಂದರೆ ನಮ್ಮ ಟ್ರ್ಯಾಲಿ ತುಂಬುವವಳು ಅವಳೇ. ದೊಡ್ಡಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ, ಮೀಸೆ ತಿರುವುತ್ತಿದ್ದ, ಅಷ್ಟೇ. ಎರಡೇ ಗಾಲಿಯ ಹಳೆಯ ಟ್ರ್ಯಾಲಿ ಅದು, ಹದ ತಪ್ಪಿದರೆ ತಕ್ಕಡಿಯಂತೆ ಒಂದು ಕಡೆ ವಾಲುತ್ತಿತ್ತು. ತೊಗರಿ ಚೀಲವಿರಲಿ, ಒಣ ಜೋಳದ ದಂಟಿನ ಕಣಿಕೆಯ ಸಿವುಡಿರಲಿ, ಗಂಡಸರು ಕೆಳಗಿನಿಂದ ಎತ್ತಿ ಕೊಡುವುದು, ಅವಳು ಕಚ್ಚೆ ಬಿಗಿದು ಮೇಲೆ ನಿಂತು ಜೋಡಿಸುವುದು. ಭಾರದ್ದು ಅಡಿಗೆ, ಗಾಲಿಗಿಂತ ತುಸು ಮುಂದೆ, ಹಗುರದ್ದು ಮೇಲೆ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕಬ್ಬಿಣದ ತೋಳಿಗೆ ನಮ್ಮಲ್ಲಿ ಬಂಡಿಯದೇ ಹೆಸರು, ಮೂಕಿ. ಅದನ್ನು ಒಂದು ಕಲ್ಲಿನ ಮೇಲೆ ಊರಿರುತ್ತಿದ್ದರು. ತುಂಬಿದ ಮೇಲೆ ದೊಡ್ಡವ್ವ ಇಳಿದು ಬಂದು ಎರಡೂ ಕೈ ಮೂಕಿಯಡಿ ಕೊಟ್ಟು ಎತ್ತಿ ನೋಡುತ್ತಿದ್ದಳು. ಅವಳೊಬ್ಬಳಿಗೇ ಎದ್ದರೆ ಹಿಂದೆ ಭಾರ ಹೆಚ್ಚಾಯಿತು. ಇಬ್ಬರು ಗಂಡಸರು ಕೈ ಕೂಡಿಸಿದರೂ ಅಲುಗದಿದ್ದರೆ ಮುಂದೆ ಹೆಚ್ಚಾಯಿತು. ಮೂವರ ಉಸಿರು ಕಟ್ಟಿಸಿ ನಾಲ್ಕು ಬೆರಳು ಮೇಲೆದ್ದರೆ ಅದು ಹದ. ಆಮೇಲೆ ಹಗ್ಗ ಬಿಗಿದು ಗಂಟುಗಳ ಮೇಲೆ ತಂಬಿಗೆ ನೀರು ಸುರಿಯುವಳು, ನೀರು ಕುಡಿದ ನಾರು ಬಿಗಿದುಕೊಳ್ಳುತ್ತದೆಂದು. ಕಟ್ಟಕಡೆಗೆ ನನ್ನನ್ನು ಎತ್ತಿ ಮುಂದಿನ ಹಲಗೆಯ ಮೂಲೆಯಲ್ಲಿ ಕೂರಿಸಿ, "ನೀ ಮುಂದ ಕುಂತಿ ಅಂದ್ರನ ತೂಕ ಸರಿ ಆಗ್ತದ ನೋಡವ್ವ" ಎನ್ನುತ್ತಿದ್ದಳು. ನನ್ನಿಂದಲೇ ಟ್ರ್ಯಾಲಿ ನೆಟ್ಟಗೆ ಹೋಗುತ್ತದೆಂದು ನಾನು ಬಹಳ ದಿನ ನಂಬಿದ್ದೆ.

ಹಿಂದೆ ಭಾರವಾದರೆ ಏನಾಗುತ್ತದೆಂದು ಊರಿಗೇ ಗೊತ್ತಿತ್ತು. ಪಕ್ಕದ ಮನೆಯ ಬಸಣ್ಣ ಕಾಕಾ ಒಮ್ಮೆ ಕಣಿಕೆಯನ್ನೆಲ್ಲ ಹಿಂದಕ್ಕೇ ಒಟ್ಟಿಕೊಂಡು ಹಳ್ಳದ ಏರು ಹತ್ತಿಸಲು ಹೋಗಿದ್ದ. ಟ್ರ್ಯಾಲಿಯ ಬಾಲ ನೆಲಕ್ಕೆ ಕುಸಿದು, ಮೂಕಿ ಮೇಲೆದ್ದು, ಟ್ರ್ಯಾಕ್ಟರಿನ ಹಿಂದಿನ ಗಾಲಿಗಳು ಬರೀ ಗಾಳಿಯಲ್ಲಿ ತಿರುಗಿದ್ದವು. ಜೀವಕ್ಕೆ ಏನೂ ಆಗಲಿಲ್ಲ, ಮಾನಕ್ಕೆ ಆಯಿತು. ಮುಂದೆ ಅವನೂ ತನ್ನ ಟ್ರ್ಯಾಲಿಯನ್ನು ದೊಡ್ಡವ್ವನ ಮುಂದೆ ತಂದು ನಿಲ್ಲಿಸತೊಡಗಿದ. ಅವಳ ಕೈ ತಪ್ಪಿದ್ದನ್ನು ಕಂಡವರೇ ಇಲ್ಲ ಎಂಬ ಮಾತು ಮಾದನಹಿಪ್ಪರಗಾದಲ್ಲಿ ನಾಣ್ಯದ ಹಾಗೆ ಚಲಾವಣೆಯಲ್ಲಿತ್ತು. ಅವಳಿಗಿದ್ದ ಹಮ್ಮು ಅದೊಂದೇ.

ಅವ್ವನಿಗೆ ಜೇವರ್ಗಿ ತಾಲೂಕಿನ ಹಳ್ಳಿಯೊಂದರಲ್ಲಿ ಶಾಲೆಯ ನೌಕರಿ ಸಿಕ್ಕಿತು. ಸಂಸಾರ ಅಲ್ಲಿಗೆ ಸಾಗಿಸುವುದೆಂದಾಯಿತು. ಹೊರಡುವ ಹಿಂದಿನ ದಿನ ಒಲೆಯ ಮುಂದೆ ಕೂತು ದೊಡ್ಡವ್ವ ಅವ್ವನನ್ನು ಕೇಳಿದ್ದು ನನಗೆ ಕೇಳಿಸಿತು. "ಈಕಿನ್ನ ಇಲ್ಲೇ ಬಿಡ್ತಿಯೇನವ್ವ?" ಅವ್ವ ಹಿಟ್ಟು ನಾದುತ್ತಲೇ, "ಇಷ್ಟು ದಿನ ನಿಮ್ಮ ಹಂತೇಕ ಇದ್ಳಲ್ಲಕ್ಕ. ಇನ್ನರ ನನ್ನ ಮಗಳು ನನಗ ಬೇಕ್ರಿ" ಎಂದಳು. ತಪ್ಪು ಯಾರದೂ ಇರಲಿಲ್ಲ. ದೊಡ್ಡವ್ವ ಎದ್ದು ಹೋಗಿ ಗೂಟದ ಹಗ್ಗ ಇಳಿಸಿ, ಸವೆದ ಕಡೆ ಹೊಸ ನಾರು ಸೇರಿಸಿ ಹೊಸೆಯುತ್ತ ಕೂತಳು.

ಮರುದಿನ ಮುಂಜಾನೆ ನಮ್ಮ ಸಾಮಾನನ್ನು ಅವಳೇ ತುಂಬಿದಳು. ತನ್ನ ಮನೆಯ ಎರಡು ಬೀಸುವ ಕಲ್ಲುಗಳಲ್ಲಿ ಒಂದನ್ನು ಅವ್ವನಿಗೆ ಕೊಟ್ಟು, ಅದರ ಎರಡು ಹೋಳುಗಳನ್ನು ಗಾಲಿಯ ಮುಂದಕ್ಕೆ ಇಟ್ಟಳು, ಒತ್ತಿನಲ್ಲಿ ಜೋಳದ ಚೀಲ. ಅಷ್ಟಾದ ಮೇಲೆ ಎಲ್ಲರೂ ಊಟಕ್ಕೆ ಒಳಗೆ ಹೋದರು. ನಾನು ಟ್ರ್ಯಾಲಿ ಹತ್ತಿದೆ. ಟ್ರ್ಯಾಲಿ ಹೊರಡದಿದ್ದರೆ ನಾನೂ ಹೋಗಬೇಕಿಲ್ಲ ಎಂಬುದು ನನ್ನ ಲೆಕ್ಕ. ಬೀಸುವ ಕಲ್ಲಿನ ಒಂದು ಹೋಳನ್ನು ಎಬ್ಬಿಸಿ ನಿಲ್ಲಿಸಿ ಹಿಂದಿನ ಹಲಗೆಯವರೆಗೆ ಉರುಳಿಸಿದೆ, ಆಮೇಲೆ ಇನ್ನೊಂದನ್ನು. ಹೆಬ್ಬೆರಳು ಜಜ್ಜಿ ರಕ್ತ ಬಂತು. ಕೊಡ, ಹಂಡೆ, ಹಾರೆ, ಕೈಗೆ ಸಿಕ್ಕ ಭಾರವನ್ನೆಲ್ಲ ಹಿಂದಕ್ಕೆ ಸಾಗಿಸಿ ಮೇಲೊಂದು ಕೌದಿ ಹೊದಿಸಿ ಇಳಿದೆ. ಕಲಿಸಿದ್ದು ದೊಡ್ಡವ್ವನೇ, ಅವಳ ವಿದ್ಯೆಯನ್ನು ಅವಳ ಮೇಲೇ ತಿರುಗಿಸಿದ್ದೆ.

ಊಟ ಮುಗಿಸಿ ಬಂದ ಗಂಡಸರು ಹೊರಸು, ಪೆಟ್ಟಿಗೆ, ಹಾಸಿಗೆ ಎಲ್ಲ ಅದರ ಮೇಲೆ ಹೇರಿದರು. ದೊಡ್ಡವ್ವ ಮೂಕಿಗೆ ಕೈ ಕೊಟ್ಟಳು. ಅದು ಅವಳೊಬ್ಬಳ ಕೈಯಲ್ಲೇ ಎದ್ದು ಬಂತು. ಅವಳು ಅದನ್ನು ಮೆಲ್ಲಗೆ ಕಲ್ಲಿನ ಮೇಲೆ ಇಳಿಸಿ ನನ್ನ ಕಡೆ ನೋಡಿದಳು. ಮೊದಲು ಮುಖ, ಆಮೇಲೆ ನಾನು ಲಂಗದಲ್ಲಿ ಬಚ್ಚಿಟ್ಟುಕೊಂಡಿದ್ದ ಹೆಬ್ಬೆರಳು. ಏನಾಯಿತೆಂದು ಬಸಣ್ಣ ಕಾಕಾ ಕೇಳಿದ. ದೊಡ್ಡವ್ವ, "ನನ್ನ ಕೈ ತಪ್ಪೇದರಿ. ಎಲ್ಲಾ ಇಳಸ್ರಿ" ಎಂದಳು. ದೊಡ್ಡಪ್ಪನಿಗೆ ನಗಲು ಇಷ್ಟು ಸಾಕಾಯಿತು. "ಆನಿಯಂಥ ಆನಿನೂ ಮುಗ್ಗರಸ್ತದ ಬಿಡಪ್ಪೋ" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ.  ಅವಳು ಕಲ್ಲುಗಳನ್ನು ತಾನೇ ಮುಂದಕ್ಕೆ ತಂದು ಮತ್ತೆ ಮೊದಲಿಂದ ಜೋಡಿಸಿದಳು. ನನ್ನನ್ನು ತನ್ನಿಂದ ಒಯ್ಯುವ ಆ ಟ್ರ್ಯಾಲಿಯನ್ನು ಅವಳು ತುಂಬಿದಷ್ಟು ನೆಟ್ಟಗೆ ಯಾರೂ ಏನನ್ನೂ ತುಂಬಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಊರಾಚೆಯ ಬೇವಿನ ಮರದ ಹತ್ತಿರ ಟ್ರ್ಯಾಲಿ ನಿಲ್ಲಿಸಿ ಹಗ್ಗ ಇನ್ನೊಮ್ಮೆ ಬಿಗಿಯುವುದು ಅವಳ ನೇಮ. ನಾಲ್ಕು ಹೆಜ್ಜೆ ಕುಲುಕಿದ ಮೇಲೇ ಹೇರಿನ ನಿಜ ತಿಳಿಯುವುದು ಎನ್ನುತ್ತಿದ್ದಳು. ಅಂದು ಅಲ್ಲಿಯವರೆಗೆ ಹಿಂದೆಯೇ ನಡೆದು ಬಂದಳು. ಹಗ್ಗ ಒಂದಿಷ್ಟೂ ಸಡಿಲಾಗಿರಲಿಲ್ಲ, ಮುಂದಿನ ಮೂಲೆಯಲ್ಲಿ ಕೂತ ನನಗೆ ಅದು ಕಾಣುತ್ತಿತ್ತು. ಆದರೂ ಅವಳು ನಾಲ್ಕೂ ಗಂಟು ಬಿಚ್ಚಿ ಒಂದೊಂದಾಗಿ ಮತ್ತೆ ಕಟ್ಟಿದಳು, ನೀರು ಸುರಿದಳು. ನನ್ನ ಹೆಬ್ಬೆರಳನ್ನು ಸೆರಗಿನಿಂದ ಒರೆಸಿ, "ಹಿಂದ ಭಾರ ಇಡಬಾರ್ದವ್ವ. ಎಳ್ಯಾವ್ರಿಗೆ ತ್ರಾಸ ಆಗ್ತದ" ಎಂದಳು. ಗಾಣಗಾಪುರ ದಾಟಿ ಭೀಮೆಯ ಸೇತುವೆ ಬರುವವರೆಗೆ ಆ ಒದ್ದೆ ಹಗ್ಗದ ವಾಸನೆ ನನ್ನ ಜೊತೆಗಿತ್ತು.

ಆಮೇಲಿನ ಮೂವತ್ತು ವರ್ಷ ದೊಡ್ಡಪ್ಪ ಆ ಮಾತು ಬಿಡಲಿಲ್ಲ. ಹಬ್ಬಕ್ಕೆ, ಮದುವೆಗೆ, ನಾಲ್ಕು ಮಂದಿ ಕೂಡಿದಲ್ಲೆಲ್ಲ "ನಮ್ಮ ಮನಿಯಾಕಿದು ಒಮ್ಮೆ ಕೈ ತಪ್ಪಿತ್ತು" ಎಂದು ಶುರುಮಾಡುವನು. ಅವನದು ಪ್ರೀತಿಯ ಚೇಷ್ಟೆಯೇ. ದೊಡ್ಡವ್ವನೂ ನಗುವಳು. ನಾನೂ ನಗುತ್ತಿದ್ದೆ, ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಮೊದಮೊದಲು ಹೆದರಿಕೆ, ಆಮೇಲೆ ನಾಚಿಕೆ, ಆಮೇಲೆ ಇಷ್ಟು ಹಳೆಯ ಮಾತು ಈಗೇಕೆ ಎಂಬ ಸೋಮಾರಿತನ. ಹೇಳಬೇಕಾದ ಮಾತನ್ನು ಮುಂದಿನ ಸಲ ಹೇಳೋಣ ಎಂದುಕೊಳ್ಳುತ್ತ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ಹೋದ ಶಿವರಾತ್ರಿಗೆ ಮುಂಚೆ ದೊಡ್ಡವ್ವ ತೀರಿಕೊಂಡಳು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಕುರ್ಚಿಯಲ್ಲಿ ಕೂರಿಸಿ, ಹೊಲಕ್ಕೆ ಒಯ್ಯಲು ಅದೇ ಹಳೆಯ ಟ್ರ್ಯಾಲಿ ತಂದರು. ಎಲ್ಲರಿಗೂ ಮುಖ ಕಾಣಲಿ ಎಂದು ಕುರ್ಚಿಯನ್ನು ಹಿಂದಿನ ತುದಿಗೆ ಇಟ್ಟರು. ಭಜನೆಯವರೂ ಅವಳ ಸುತ್ತ ಹಿಂದೆಯೇ ಹತ್ತಿ ಕೂತರು. ಮುಪ್ಪಾದ ಬಸಣ್ಣ ಕಾಕಾ ಹೂ ಕಟ್ಟುತ್ತ, ನನ್ನ ಕಡೆ ಗೋಣು ತಿರುವಿ, ಬಂದವರಿಗೆ ಹೇಳುತ್ತಿದ್ದ, "ಜೀವಮಾನದಾಗ ಒಂದ ಸಲ ಕೈ ತಪ್ಪಿತ್ರಿ ನೀಲವ್ವಗ. ಇದ ಮಾದೇವಿ ಊರು ಬಿಟ್ಟ ದಿನ."

"ತಪ್ಪಿದ್ದಿಲ್ಲ ಕಾಕಾ" ಎಂದೆ ನಾನು. "ಆ ಕಲ್ಲು ಹಿಂದಕ್ಕ ಉಳ್ಳಿಸಿದಾಕಿ ನಾ."

ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ ತಲೆ ಎತ್ತಿದ. "ಆಕಿಗಿ ಗೊತ್ತಿತ್ತೇನು?"

"ಅವತ್ತೇ ಗೊತ್ತಾಗಿತ್ತು ದೊಡ್ಡಪ್ಪ."

 "ಹಂಗಾರ ಆಕಿ ಒಮ್ಮಿನೂ ತಪ್ಪಿಲ್ಲ" ಎಂದ ಅವನು. ಆಮೇಲೆ, ನನಗೆ ಹೇಳಿದನೋ ಅವಳಿಗೋ, "ಮೂವತ್ತ ವರ್ಷ ನಕ್ಕೆನಲ್ಲಾ ನಾ" ಎಂದ. ಕೋಲೂರಿ ಎದ್ದು ಟ್ರ್ಯಾಲಿಯ ಮುಂದೆ ಬಂದು, ಕೋಲು ನನ್ನ ಕೈಗೆ ಕೊಟ್ಟು, ಬಾಗಿ ಮೂಕಿಯಡಿ ಎರಡೂ ಕೈ ಹಾಕಿದ. ಅವನು ಹಾಗೆ ಎತ್ತಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನ ಮುದಿ ಕೈಗೂ ಅದು ಎದ್ದು ಬಂತು. "ಹಿಂದ ಭಾರ ಆಗೇದ. ಆಕಿನ್ನ ಮುಂದ ತರ್ರಿ" ಎಂದ. ಭಜನೆಯವರು ಇಳಿದರು, ಕುರ್ಚಿ ಗಾಲಿಯ ಮುಂದಕ್ಕೆ ಬಂತು. ಗೂಟದ ಹಗ್ಗ ತಂದು ನಾನೇ ಕಟ್ಟಿ ತಂಬಿಗೆ ನೀರು ಸುರಿದೆ. ದೊಡ್ಡಪ್ಪ ಇನ್ನೊಮ್ಮೆ ಮೂಕಿಗೆ ಕೈ ಕೊಟ್ಟು ನೋಡಿ, "ಮಾದೇವಿ, ನೀ ಮುಂದ ಕುಂದ್ರವ್ವ" ಎಂದ.

ಆ ಮನೆಯೂ ಈಗಿಲ್ಲ. ರಸ್ತೆ ಅಗಲವಾಗುವಾಗ ಪಡಸಾಲೆ ಹೋಯಿತು, ಉಳಿದದ್ದನ್ನು ದೊಡ್ಡಪ್ಪನೇ ಇಳಿಸಿಬಿಟ್ಟು ನಮ್ಮಲ್ಲಿಗೆ ಬಂದ. ಆ ಹಗ್ಗ ಅವಳ ಜೊತೆಗೇ ಮಣ್ಣಿಗೆ ಹೋಯಿತು. ಬೇವಿನ ಮರ ಮಾತ್ರ ಇದೆ. ಅವಳನ್ನು ಹೊಲಕ್ಕೆ ಒಯ್ದ ದಿನ ಅಲ್ಲಿಗೆ ಬಂದಾಗ, ಟ್ರ್ಯಾಕ್ಟರ್ ಓಡಿಸುತ್ತಿದ್ದ ಬಸಣ್ಣ ಕಾಕಾ ಯಾರೂ ಹೇಳದೆಯೇ ಅದನ್ನು ನಿಲ್ಲಿಸಿದ. ನಾನು ಮುಂದಿನ ಮೂಲೆಯಿಂದ ಎದ್ದು ಅವಳ ಹತ್ತಿರ ಹೋಗಿ ಗಂಟು ಮುಟ್ಟಿ ನೋಡಿದೆ. ಒಂದಿಷ್ಟೂ ಸಡಿಲಾಗಿರಲಿಲ್ಲ. ನಾಲ್ಕೂ ಗಂಟು ಬಿಚ್ಚಿ, ಒಂದೊಂದಾಗಿ ಮತ್ತೆ ಕಟ್ಟಿದೆ.