ಮುಸುರೆ ಬಕೆಟ್ಟಿಗೆ ಬಿದ್ದ ಮಾತ್ರೆಗಳು

ಹೋದ ವರ್ಷ ಶ್ರಾವಣದಲ್ಲಿ ನಡೆದದ್ದು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ನನ್ನದು ಇಪ್ಪತ್ತಾರು ವರ್ಷದ ನೌಕರಿ: ಅಡುಗೆಮನೆ ಮತ್ತು ಕೊಟ್ಟಿಗೆ. ವರ್ಗಾವಣೆಯಿಲ್ಲ, ನಿವೃತ್ತಿಯೂ ಇಲ್ಲ.

ಡಾಕ್ಟರು ಅತ್ತೆಯ ಬಿ.ಪಿ. ಮಾತ್ರೆ ಬದಲಾಯಿಸಿದ್ದರು. ಶುಕ್ರವಾರ ದೇವರ ಗೂಡು ಒರೆಸುವಾಗ ಹಳೆಯವು ಕಂಡವು, ಇಪ್ಪತ್ತೆರಡು. ಜೊತೆಗೆ ಅರ್ಧ ಬಾಟಲಿ ಕೆಂಪು ಟಾನಿಕ್ಕು. ನಮ್ಮಲ್ಲಿ ಅಕ್ಕಿ ತೊಳೆದ ನೀರು, ಸಿಪ್ಪೆ, ಮಿಕ್ಕ ಅನ್ನ ಯಾವುದನ್ನೂ ಚೆಲ್ಲುವುದಿಲ್ಲ. ಎಲ್ಲ ಹಸುವಿನ ಮುಸುರೆ ಬಕೆಟ್ಟಿಗೆ. ಮನುಷ್ಯರಿಗೆ ಒಳ್ಳೆಯದಾದದ್ದು ಹಸುವಿಗೇಕೆ ಕೆಟ್ಟದ್ದು ಎಂದು ಅವನ್ನೂ ಅದಕ್ಕೇ ಹಾಕಿದೆ. ನಮ್ಮ ಹಸು ಗೌರಿ ಆಗ ಎಂಟು ತಿಂಗಳ ಗಬ್ಬ.

ಅತ್ತೆಗೆ ಕಣ್ಣು ಮಂಜು. ಆದರೂ ಬಕೆಟ್ಟಿನ ಕೆಂಪು ಕಂಡಿತಲ್ಲ, ದೇವರೇ ತೋರಿಸಿದ. ಅವರು ಬಕೆಟ್ಟು ಎಳೆದುಕೊಳ್ಳುವಷ್ಟರಲ್ಲಿ ಗೌರಿ ಕಾಲುಭಾಗ ಕುಡಿದಿದ್ದಳು. ಏನಿದು ಎಂದವರಿಗೆ ಹಾಕಿದ್ದನ್ನೆಲ್ಲ ಹೇಳಿದೆ.

“ನನ್ ಮಾತ್ರೇನ ಹಸೂಗ್ ಹಾಕ್ಬುಟ್ಯಾ? ನಾಳಿಂದ ನಂಗೆ ಹುಲ್ಲಾಕ್ತೀಯೇನವ್ವ?”

ಪಶುವೈದ್ಯರು ಅಂದು ನಮ್ಮೂರಿಗೇ ಬಂದಿದ್ದರು, ಅದೂ ಪುಣ್ಯ. ನಾಚಿಕೆ ಬಿಟ್ಟು ಇದ್ದದ್ದು ಹೇಳಿದೆ. ಗೌರಿಯ ಎದೆಬಡಿತ ನೋಡಿದರು.

“ಕುಡ್ದಿರೋದು ಒಸಿ. ಹಸ ಉಳ್ಕೊತದೆ. ಕರೂದ್ ಮಾತು ಈಗ್ಲೇ ಹೇಳಕಾಗಲ್ಲ ಕಣಮ್ಮ.”

ಬಕೆಟ್ಟಿನಲ್ಲಿ ಮಿಕ್ಕದ್ದನ್ನು ಚರಂಡಿಗೆ ಸುರಿಯಹೊರಟೆ.

“ತಡೀರಮ್ಮ! ಆ ಚರಂಡಿ ಎಲ್ಲಿಗೋಯ್ತದೆ?”

“ಕೆರೆಗೆ, ಸಾ.”

“ಅಲ್ಲಿ ಯಾರ್ ಕುರಿ ನೀರು ಕುಡೀತವೆ?”

ಪಕ್ಕದ ಮನೆ ಪುಟ್ಟಮ್ಮನವು. ಬಕೆಟ್ಟು ಕೆಳಗಿಟ್ಟೆ. ನೀರಲ್ಲಿ ಕರಗಿದ ಔಷಧಿ ಮಾಯವಾಗುವುದಿಲ್ಲ, ಮೀನಿಗೂ ಕುರಿಗೂ ಸೇರುತ್ತದೆ ಎಂದು ಅವರು ವಿವರಿಸಿದರು. ಮುಚ್ಚಳದ ಕ್ಯಾನಿಗೆ ತುಂಬಿಸಿಕೊಂಡು, ಆಸ್ಪತ್ರೆಯ ಕಸ ಸುಡಲು ಒಯ್ಯುವ ಗಾಡಿಗೆ ಹಾಕಿಸಲು ತಾವೇ ಒಯ್ದರು.

ಆಮೇಲಿನ ದಿನಗಳಲ್ಲಿ ಗೌರಿ ಮೇವಿಗೆ ಬಾಯಿ ಹಾಕಿದಾಗಲೆಲ್ಲ ಕೈಮುಗಿದೆ. ತಿಂಗಳು ಕಳೆದು ಹೆಣ್ಣುಗರು ಹಾಕಿದಳು. ಕರು ಒದ್ದಾಡಿ ತಾನೇ ಎದ್ದು ನಿಂತಿತು. ಅತ್ತೆಯೂ ನಾನೂ ಅತ್ತೆವು.

ಗಿಣ್ಣು ಹಂಚಲು ಹೋದ ಮನೆಯಲ್ಲೆಲ್ಲ ಬೇಡವಾದ ಮಾತ್ರೆ ಕೇಳಿದೆ. “ಗಿಣ್ಣು ಕೊಟ್ಟು ಮಾತ್ರೆ ಇಸ್ಕೊಳ್ಳೋಳ್ನ ನಾ ಕಾಣೆ ಕಣಕ್ಕ,” ಎಂದು ಪುಟ್ಟಮ್ಮ ನಕ್ಕಳು. ಆದರೂ ಒಳಗಿಂದ ಒಂದು ಚೀಲ ತಂದು ಕೊಟ್ಟಳು. ಈಗ ಡಬ್ಬಿ ತುಂಬಿದಾಗ ಮಾಗಡಿ ಬಸ್ಸು ಹತ್ತಿ ಆ ವೈದ್ಯರಿಗೇ ತಲುಪಿಸುತ್ತೇನೆ.

ನನ್ನ ಕೆಲಸ ಹೊಸಿಲವರೆಗೆ ಎಂದುಕೊಂಡಿದ್ದೆ. ನಮ್ಮ ಮನೆಯ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೂ ಅದು ನನ್ನದೇ. ಕರು ಉಳಿಸಿ ಇದನ್ನು ಕಲಿಸಿದ ದೇವರು ದೊಡ್ಡವನು.