ಸೋಮವಾರದ ಉಪವಾಸ, ಮಂಗಳವಾರದ ಬಾಯಿಹುಣ್ಣು

ಇವತ್ತು ಸೋಮವಾರ, ನನ್ನ ಉಪವಾಸ. ಕಸ ಮುಸುರೆ, ಪೂಜೆ ಮುಗಿಸಿ ಸೊಸೆಯ ಜೊತೆ ಮಾನ್ವಿಯಿಂದ ರಾಯಚೂರಿಗೆ ಹೋಗಿ ಬಾಯಿ ತೋರಿಸಿ ಬಂದೆ. ಎರಡು ತಿಂಗಳಿಂದ ನಾಲಿಗೆ ತುಂಬ ಹುಣ್ಣು, ತುಟಿ ಬಾವು. ಕೆಟ್ಟ ರೋಗವೇ ಇರಬೇಕೆಂದು ಒಳಗೊಳಗೇ ಹೆದರಿದ್ದೆ ನೋಡ್ರಿ.

ಡಾಕ್ಟರಮ್ಮ ಬ್ಯಾಟರಿ ಬಿಟ್ಟು ನೋಡಿ, "ಯಾವಾಗ ಜಾಸ್ತಿ ಆಗ್ತದ?" ಎಂದರು.

"ಮಂಗಳವಾರ ರೀ."

"ಸೋಮವಾರ ಏನ್ ತಿಂತೀರಿ?"

"ಏನೂ ಇಲ್ರಿ, ಉಪವಾಸ."

ಸೊಸೆ ನಡುವೆ ಬಾಯಿ ಹಾಕಿದಳು. "ಅತ್ತೀ, ಇಡೀ ಅನಾನಸ್ ಹಣ್ಣು ಯಾರು ತಿಂತಾರ ಮತ್ತ?"

"ಏ, ಅದು ಫಲಾಹಾರ ಬೇ, ತಿಂದಂಗಲ್ಲ!"

ಡಾಕ್ಟರಮ್ಮ ನಕ್ಕೇಬಿಟ್ಟರು. "ದೇವರು ಬಿಡ್ತಾನ ಯವ್ವಾ, ನಾಲಿಗಿ ಬಿಡಂಗಿಲ್ಲ. ಕೆಟ್ಟ ರೋಗದ ಗುರುತು ಏನೂ ಕಾಣವಲ್ದು. ಆ ಹಣ್ಣು ಬಿಟ್ಟು, ಹದಿನೈದು ದಿನಕ್ಕ ಬಂದು ತೋರಸ್ರಿ."

ಶಿವ ದೊಡ್ಡವನು, ಎದೆ ಹಗುರಾಯಿತು. ಆದರೆ ಉಪವಾಸಕ್ಕೆ ಅನಾನಸ್ ಒಂದೇ ಎಂದು ನೇಮ ಹಾಕಿಕೊಟ್ಟವಳು ದೇವದುರ್ಗದ ನನ್ನ ಅಕ್ಕ. ಅವಳ ಕೈಯಲ್ಲಿ ಮೊಬೈಲ್ ಇಲ್ಲ. ಆ ಊರಿನವರು ಯಾರಾದರೂ ಹೋಗಿ, ಇನ್ನು ಮೇಲೆ ಬಾಳೆಹಣ್ಣು ನಡೆಯುತ್ತದೋ ಇಲ್ಲವೋ ಕೇಳಿ ಬರ್ರಿ. ನಾನಿನ್ನೂ ಬರೀ ನೀರಿನ ಮೇಲಿದ್ದೇನೆ. ಅವಳು ಬೈದರೆ ಬೈಗುಳ ಅಲ್ಲೇ ಬಿಟ್ಟು, ಉತ್ತರ ಮಾತ್ರ ತರ್ರಿ.